ಡೇರೆ ಗಡ್ಡೆ: ಕೀಳುವುದೋ, ಬಿಡುವುದೋ?

ದೀಪಾವಳಿ ಕಳೆದು ಕೆಲವು ವಾರಗಳಾದ ಮೇಲೆ ಸೊರಬ, ಶಿಕಾರಿಪುರ ಕಡೆಯ ಅಂಗಳಗಳಲ್ಲಿ ಡೇರೆ ಗಿಡಗಳು ಸೋಲತೊಡಗುತ್ತವೆ. ಭೂಮಿ ಹುಣ್ಣಿಮೆಯ ಹೊತ್ತಿಗೆ ಅಂಗೈ ಮೀರುವ ಹೂ ಬಿಟ್ಟಿದ್ದ ಗಿಡದಲ್ಲಿ ಈಗ ಬರುವುದು ಚೋಟು ಹೂ. ಕೆಳಗಿನ ಎಲೆ ಹಳದಿಗಟ್ಟುತ್ತದೆ, ಕಾಂಡ ಬುಡದಿಂದ ಕಂದಾಗುತ್ತಾ ಬರುತ್ತದೆ. ಪೇಟೆಯವರು ಡೇಲಿಯಾ ಎನ್ನುವ ಈ ಗಿಡ ಮಲೆನಾಡಿನ ಹೆಂಗಸರ ಮಳೆಗಾಲದ ಹೆಮ್ಮೆ. ಅದರ ಗಡ್ಡೆಯನ್ನು ಮುಂದಿನ ಮಳೆಗಾಲದವರೆಗೆ ಉಳಿಸುವ ಬಗೆ ಮಾತ್ರ ಒಂದೇ ಮನೆಯಲ್ಲೂ ಎರಡು. ಅತ್ತೆ ಕಿತ್ತಿಡು ಎಂದರೆ, ತವರಿನವರು ಮುಟ್ಟಬೇಡ ಎನ್ನುತ್ತಾರೆ. ಇಬ್ಬರ ಅಂಗಳದಲ್ಲೂ ಡೇರೆ ಚೆನ್ನಾಗಿಯೇ ಬರುವುದರಿಂದ ಜಗಳ ಬಗೆಹರಿಯುವುದಿಲ್ಲ.

ಗಿಡದ ತವರಿನಿಂದಲೇ ಶುರುಮಾಡೋಣ. ಡೇರೆ ಮೆಕ್ಸಿಕೋದ ಎತ್ತರದ ಗುಡ್ಡಗಾಡಿನದು. 18ನೇ ಶತಮಾನದ ಕೊನೆಗೆ ಅದು ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನ ಸೇರಿತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವಾನಿಲ್ಲೆಸ್ ಸ್ವೀಡನ್ನಿನ ಆಂಡರ್ಸ್ ಡಾಲ್ ನೆನಪಿಗೆ ಇದಕ್ಕೆ ಹೆಸರಿಟ್ಟರು. 1963ರಲ್ಲಿ ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರೀಯ ಹೂವೆಂದು ಘೋಷಿಸಿತು. ನಮಗೆ ಮುಖ್ಯವಾದದ್ದು ಆ ಗುಡ್ಡಗಳ ಹವೆ. ಅಲ್ಲೂ ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ, ಆಮೇಲೆ ಒಣ ಚಳಿಗಾಲ. ಮಳೆಯಲ್ಲಿ ಬೆಳೆದು, ಹಗಲು ಚಿಕ್ಕದಾಗುವಾಗ ಗಡ್ಡೆ ತುಂಬಿಕೊಂಡು, ಒಣಗಾಲದಲ್ಲಿ ಮಣ್ಣೊಳಗೆ ಮಲಗುವುದು ಅದರ ಹುಟ್ಟುಗುಣ. ಚಳಿಗೆ ಮುನ್ನ ಕಿತ್ತು ಒಳಗಿಡುವ ಪದ್ಧತಿ ಬೆಳೆದದ್ದು ಯುರೋಪಿನಂಥ ಹಿಮದ ನಾಡುಗಳಲ್ಲಿ. ಅಲ್ಲಿ ಮಣ್ಣು ಹೆಪ್ಪುಗಟ್ಟಿದರೆ ನೀರು ತುಂಬಿದ ಗಡ್ಡೆ ಒಡೆದು ಕೊಳೆಯುತ್ತದೆ.

ಮೊಬೈಲಿನಲ್ಲಿ ಸಿಗುವ ಬುದ್ಧಿಮಾತು ಹೆಚ್ಚಾಗಿ ಅಂಥ ನಾಡುಗಳದ್ದು. ಅಲ್ಲಿನವರು ಬಲು ಪ್ರೀತಿಯಿಂದ ಬೆಳೆಸುವ ಹೋಸ್ಟಾ ಎಂಬ ಎಲೆಗಿಡಕ್ಕಂತೂ ವಾರಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ನಿದ್ದೆಯೇ ಪೂರ್ತಿಯಾಗುವುದಿಲ್ಲ. ನಮ್ಮ ಮಾಗಿಯ ಚಳಿ ಅದಕ್ಕೆ ಯಾವ ಮೂಲೆಗೂ ಸಾಲದು. ಡೇರೆಗೆ ಆ ಹಟವಿಲ್ಲ. ನಮ್ಮಲ್ಲಿ ಗಡ್ಡೆಯನ್ನು ಕೊಲ್ಲುವುದು ಚಳಿಯಲ್ಲ. ಒಂದೋ ಹೊತ್ತಲ್ಲದ ಹೊತ್ತಿನ ನೀರು, ಇಲ್ಲವೇ ಮಾರ್ಚ್, ಏಪ್ರಿಲ್‌ನ ಕಾವು. ಇವೆರಡರಲ್ಲಿ ನಮ್ಮ ಅಂಗಳಕ್ಕೆ ಯಾವುದು ದೊಡ್ಡ ಶತ್ರು ಎಂಬುದರ ಮೇಲೆ ಈ ಚರ್ಚೆ ನಿಂತಿದೆ ಎಂದು ನನಗನಿಸುತ್ತದೆ.

ಬಿಡುವವರ ವಾದ ಸೋಮಾರಿತನದ್ದಲ್ಲ. ಡೇರೆಯ ಗಡ್ಡೆ ಆಲೂಗಡ್ಡೆಯಂತಲ್ಲ, ಮೈತುಂಬ ಕಣ್ಣಿರುವುದಿಲ್ಲ. ಹಳೆಯ ಕಾಂಡದ ಬುಡಕ್ಕೆ ಗಡ್ಡೆ ಸೇರುವ ಕುತ್ತಿಗೆಯ ಹತ್ತಿರ ಮಾತ್ರ ಮೊಳಕೆಯ ಕಣ್ಣು. ಕೀಳುವಾಗ ಕುತ್ತಿಗೆ ಮುರಿದರೆ ಗಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ಡಿಸೆಂಬರ್‌ನಲ್ಲಿ ಬಿರುಸಾದ ನೆಲಕ್ಕೆ ಗುದ್ದಲಿ ಹಾಕಿದರೆ ಮುರಿಯುವುದು ಈ ಕುತ್ತಿಗೆಯೇ. ಇದರ ಸಿಪ್ಪೆಯೂ ತೆಳು. ಮಣ್ಣಿನಿಂದ ಹೊರಬಂದ ಗಡ್ಡೆ ಬೇಗ ಸುಕ್ಕುಗಟ್ಟುತ್ತದೆ. ಇನ್ನು ಕೆಲಸದ ಲೆಕ್ಕ. ಸುಗ್ಗಿ, ಅಡಿಕೆ ಕೊಯ್ಲು, ಶುಂಠಿ ಕೀಳುವುದು ಎಲ್ಲವೂ ಒಂದರ ಬೆನ್ನಿಗೊಂದು ಬಂದು ಬೀಳುವ ಕಾಲವದು. ಅಡಿಕೆ ಸುಲಿದು ಬೇಯಿಸುವ ಮನೆಯಲ್ಲಿ ಹೂವಿನ ಗಡ್ಡೆಗೆ ಕೂತು ಮಣ್ಣು ಒರೆಸುವವರಾರು? ಮೇಲೆ ಒಂದು ಬುಟ್ಟಿ ತರಗೆಲೆ ಮುಚ್ಚಿದರೆ ಮಣ್ಣು ತಂಪಾಗಿರುತ್ತದೆ, ಮೊದಲ ಮಳೆಗೆ ಚಿಗುರು ತಾನಾಗಿ ಏಳುತ್ತದೆ. ಹಾಗೆ ಎದ್ದ ಗಿಡ ಹೊಸದಾಗಿ ನೆಟ್ಟದ್ದಕ್ಕಿಂತ ಮುಂದಿರುತ್ತದೆ.

ಕೀಳುವವರ ಭಯವೂ ಕಂಡುಂಡದ್ದೇ. ಒಣಗಿದ ಕಾಂಡವನ್ನು ಹಿಡಿದು ಒರಲೆ ಕೆಳಗಿಳಿಯುತ್ತದೆ. ಹೆಗ್ಗಣ ಮಣ್ಣು ಕೊರೆಯುತ್ತದೆ. ಕಾಡಿನ ಅಂಚಿನ ಮನೆಗಳಲ್ಲಿ ಹಂದಿ ಒಂದು ರಾತ್ರಿ ಬಂದರೆ ಸಾಕು, ಬೆಳಗಿಗೆ ಪಾತಿಯೇ ಇರುವುದಿಲ್ಲ. ಇವೆಲ್ಲಕ್ಕಿಂತ ದೊಡ್ಡದು ನೀರು. ಬಚ್ಚಲ ನೀರು ಹರಿಯುವ ಕಡೆ, ಬೇಸಿಗೆಯಲ್ಲಿ ತರಕಾರಿ ಪಾತಿಗೆ ನೀರು ಬಿಡುವ ಕಡೆ, ಸ್ಪ್ರಿಂಕ್ಲರ್ ತಿರುಗುವ ತೋಟದಂಚಿನಲ್ಲಿ ಮಲಗಿದ ಗಡ್ಡೆಗೆ ಉಳಿವಿಲ್ಲ. ಎಲೆಯಿಲ್ಲದ ಗಡ್ಡೆ ನೀರು ಕುಡಿಯಲಾರದು, ಕೊಳೆಯುತ್ತದೆ. ಇನ್ನೊಂದು ಕಾರಣವನ್ನು ಬಿಡುವವರು ಸಾಮಾನ್ಯವಾಗಿ ಮರೆಯುತ್ತಾರೆ. ಮೂರ್ನಾಲ್ಕು ವರ್ಷ ಮುಟ್ಟದೆ ಬಿಟ್ಟ ಗಡ್ಡೆ ಗೊಂಚಲುಗಟ್ಟಿ, ಒತ್ತೊತ್ತಾಗಿ ಕಾಂಡಗಳೆದ್ದು ಹೂ ಚಿಕ್ಕದಾಗುತ್ತದೆ. ಬಿಡಿಸಿ ನೆಟ್ಟರೆ ಹೂವಿನ ಗಾತ್ರ ಮರಳುತ್ತದೆ, ಕೊಡಲು ಗಡ್ಡೆಯೂ ಆಗುತ್ತದೆ. ಕೊಡುಕೊಳ್ಳುವ ಈ ವ್ಯವಹಾರದಿಂದಲೇ ತಾನೇ ನಮ್ಮೂರುಗಳಲ್ಲಿ ಇಷ್ಟು ಬಣ್ಣ ಸೇರಿದ್ದು? ಗಿಡದಲ್ಲಿ ಹೂವಿರುವಾಗಲೇ ಬುಡಕ್ಕೆ ಬಣ್ಣದ ಬಟ್ಟೆಚೂರು ಕಟ್ಟಿ, ಅದರೊಂದಿಗೇ ಗಡ್ಡೆ ಕಿತ್ತಿಡುವವರ ಮನೆಯಲ್ಲಿ ಬಿಳಿ ಕೇಳಿದರೆ ಬಿಳಿಯೇ ಸಿಗುತ್ತದೆ. ಬಿಡುವವರ ಮನೆಯಲ್ಲಿ ಸಿಗುವುದು ಭರವಸೆ ಮಾತ್ರ.

ಆದರೆ ಕಿತ್ತ ಮೇಲೆ ಇಡುವುದೆಲ್ಲಿ? ಹೊರದೇಶದ ಪುಸ್ತಕಗಳು 5ರಿಂದ 10 ಡಿಗ್ರಿಯ ತಂಪು ಕೋಣೆ ಎನ್ನುತ್ತವೆ. ಫ್ರಿಜ್ ಬಿಟ್ಟರೆ ಅಂಥ ಜಾಗ ನಮ್ಮ ಮನೆಗಳಲ್ಲಿಲ್ಲ, ಮೊಸರು ಪಾತ್ರೆಯ ಪಕ್ಕ ಡೇರೆ ಗಡ್ಡೆಗೆ ಯಾವ ಅಮ್ಮನೂ ಜಾಗ ಕೊಡುವುದಿಲ್ಲ. ಬಿತ್ತನೆ ಬೀಜ ಇಟ್ಟು ರೂಢಿಯಾದ ಕೈ ನೇರ ಅಟ್ಟಕ್ಕೆ ಹೋಗುತ್ತದೆ. ಹಂಚಿನ ಕೆಳಗಿನ ಆ ಕಾವಿಗೆ ಬೀಜ ಬದುಕುತ್ತದೆ, ಡೇರೆ ಗಡ್ಡೆ ಶಿವರಾತ್ರಿಯೊಳಗೆ ಚಕ್ಕೆಯಾಗುತ್ತದೆ. ಕೊಟ್ಟಿಗೆಯ ನೆರಳು ಮೂಲೆ, ಮಣ್ಣುನೆಲದ ಕೋಣೆ ವಾಸಿ. ಒಣಮರಳು, ಉಮಿ ಅಥವಾ ತೆಂಗಿನ ನಾರಿನ ಪುಡಿಯಲ್ಲಿ, ಒಂದಕ್ಕೊಂದು ತಾಗದಂತೆ ಇಟ್ಟು ತಿಂಗಳಿಗೊಮ್ಮೆ ಕೈಯಾಡಿಸಬೇಕು. ಮೆತ್ತಗಾದದ್ದು ಹೊರಗೆ, ಸುಕ್ಕಾದದ್ದಕ್ಕೆ ಚಿಮುಕಿಸಿದಷ್ಟೇ ನೀರು. ಬಿತ್ತನೆ ಶುಂಠಿಯನ್ನು ನೆರಳಿನ ಗುಂಡಿಯಲ್ಲಿ ಗಾಳಿಯಾಡಲು ಎಡೆಬಿಟ್ಟು ಕಾಪಾಡುವ ರೈತರು ನಮ್ಮ ಎರಡೂ ತಾಲ್ಲೂಕಿನಲ್ಲಿ ಬೇಕಾದಷ್ಟಿದ್ದಾರೆ. ಆ ಗುಂಡಿಯ ಪಕ್ಕ ಒಂದು ಮಡಕೆಯಷ್ಟು ಜಾಗ ಕೇಳಿದರೆ ಯಜಮಾನರು ಬೇಡವೆನ್ನಲಾರರು.

ಎರಡೂ ಬಣದವರು ಸೋಲುವ ಒಂದು ಜಾಗವಿದೆ. ಡೇರೆಯ ಕಾಂಡ ಟೊಳ್ಳು. ಹೂ ಮುಗಿಯಿತೆಂದು ಹಸಿರಿರುವಾಗಲೇ ಕತ್ತರಿಸಿಬಿಟ್ಟರೆ ಮಾಗಿಯ ಇಬ್ಬನಿ, ನಡುವೆ ಬರುವ ಅಡ್ಡಮಳೆ ಆ ಕೊಳವೆಯಲ್ಲಿ ಇಳಿದು ನೇರ ಕಣ್ಣಿರುವ ಬುಡದಲ್ಲಿ ನಿಲ್ಲುತ್ತದೆ. ಬಿಟ್ಟ ಗಡ್ಡೆ ಹೀಗೇ ಸಾಯುತ್ತದೆ, ಆಮೇಲೆ ಅಪವಾದ ಮಣ್ಣಿಗೆ. ಕಿತ್ತವರೂ ಕಾಂಡವನ್ನು ಕೆಳಮುಖ ಮಾಡಿ ಒಂದೆರಡು ದಿನ ನೆರಳಲ್ಲಿಟ್ಟು ಒಳಗಿನ ನೀರು ಇಳಿಸದಿದ್ದರೆ ಅದೇ ಗತಿ. ಹಸಿರು ಕಡಿಯುವುದರ ನಷ್ಟ ಇಷ್ಟೇ ಅಲ್ಲ. ಅಕ್ಟೋಬರ್, ನವೆಂಬರ್‌ನ ಗಿಡ ಚಂದ ಕಾಣದಿದ್ದರೂ ಎಲೆಯಿಂದ ಗಡ್ಡೆಗೆ ಆಹಾರ ಇಳಿಸುತ್ತಿರುತ್ತದೆ. ಅಂಗಳ ಚೊಕ್ಕಟವಾಗಲಿ ಎಂದು ಆಗ ಕತ್ತಿ ಹಾಕಿದರೆ ಸಿಗುವುದು ಬೆರಳುಗಾತ್ರದ ಗಡ್ಡೆ. ಕಾಂಡ ತಾನಾಗಿ ಒಣಗಲಿ, ಆಮೇಲೆ ಗೇಣುದ್ದ ಉಳಿಸಿ ಕಡಿದು ಬಾಯಿಗೆ ಒಂದು ಮುದ್ದೆ ಜೇಡಿಮಣ್ಣು ಮೆತ್ತಲಿ.

ಎರಡು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಇದಕ್ಕೆ ಒಂದೇ ಉತ್ತರ ಹೇಳಲಾಗದು. ಚಂದ್ರಗುತ್ತಿ ಕಡೆಯ ಇಳಿಜಾರು ಹಿತ್ತಲುಗಳಲ್ಲಿ, ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ಮರಗಳ ನೆರಳೂ ಇದೆ. ಅಲ್ಲಿ ಬಿಡುವವರ ಮಾತು ತೂಕದ್ದು, ಹಂದಿ ಹೆದರಿಕೆ ಇಲ್ಲದಿದ್ದರೆ. ಶಿಕಾರಿಪುರದ ಬಯಲು ಭಾಗದಲ್ಲಿ, ಮೆಕ್ಕೆಜೋಳದ ಹೊಲಗಳ ನಡುವಿನ ಮನೆಗಳಲ್ಲಿ ಏಪ್ರಿಲ್‌ನ ಬಿಸಿಲು ನೇರ ಪಾತಿಗೆ ಬೀಳುತ್ತದೆ. ಎರೆಮಣ್ಣಾದರೆ ಬಿರುಕೂ ಬಿಡುತ್ತದೆ. ಅಲ್ಲಿ ಕಿತ್ತಿಡುವುದು ಕ್ಷೇಮ. ಗದ್ದೆ ಬಯಲಿಗೆ ತಾಗಿದ, ಜವಳು ಹಿಡಿಯುವ ಜಾಗದಲ್ಲಿ ಯಾವ ತಾಲ್ಲೂಕಾದರೂ ಕೀಳಲೇಬೇಕು. ಚಟ್ಟಿಯಲ್ಲೋ ಪ್ಲಾಸ್ಟಿಕ್ ಕೊಟ್ಟೆಯಲ್ಲೋ ನೆಟ್ಟವರು ಈ ಗೋಜಲಿನಿಂದ ಪಾರು. ಕೊಟ್ಟೆ ಸಮೇತ ಸೂರಿನಡಿ ಎಳೆದಿಟ್ಟು ನೀರು ನಿಲ್ಲಿಸಿದರೆ ಮುಗಿಯಿತು. ಆದರೆ ಕೊಟ್ಟೆಯ ಗಿಡಕ್ಕೆ ನೆಲದ ಗಿಡದ ಮೈ ಬರುವುದಿಲ್ಲ.

ನನ್ನನ್ನು ಕೇಳಿದರೆ, ನೀರು ನಿಲ್ಲದ ಅಂಗಳವಾದರೆ ಡಿಸೆಂಬರ್‌ನಲ್ಲಿ ಬಿಟ್ಟು ಏಪ್ರಿಲ್ ಕೊನೆಗೆ ಕೀಳುವ ಪಕ್ಷ ನನ್ನದು. ಆಗ ಕಣ್ಣು ಉಬ್ಬಿ ಕಾಣತೊಡಗಿರುತ್ತದೆ, ಯಾವ ಗಡ್ಡೆಗೆ ಜೀವವಿದೆಯೆಂದು ಊಹಿಸಬೇಕಾಗಿಲ್ಲ. ಒಂದೊಂದು ಕಣ್ಣಿಗೆ ಒಂದೊಂದು ಗಡ್ಡೆ ಉಳಿಯುವಂತೆ ಚೂಪು ಚಾಕುವಿನಿಂದ ಬಿಡಿಸಿ, ಕೊಯ್ದ ಜಾಗಕ್ಕೆ ಬೂದಿ ಮುಟ್ಟಿಸಿ, ಗಾಯ ಒಣಗಿದ ಮೇಲೆ ಮತ್ತೆ ನೆಟ್ಟರಾಯಿತು. ಇದಕ್ಕೆ ಕೀಳುವವರ ತಕರಾರು ಒಂದುಂಟು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ: ಅಷ್ಟರೊಳಗೆ ಹೆಗ್ಗಣ ಬಂದು ಹೋಗಿದ್ದರೆ? ಅವರು ಗೊಂಚಲನ್ನು ಅರ್ಧ ಮಾಡಿ, ಒಂದನ್ನು ನೆಲದಲ್ಲಿ ಬಿಟ್ಟು ಇನ್ನೊಂದನ್ನು ಉಮಿಯಲ್ಲಿ ಇಡಲಿ. ಅದೂ ಬೇಡವೆಂದರೆ ಪಕ್ಕದ ಮನೆಗೆ ಎರಡು ಗಡ್ಡೆ ಈಗಲೇ ಕೊಟ್ಟಿರಲಿ, ಹೋದರೆ ಅಲ್ಲಿಂದ ತರಬಹುದು.