ಅಂಗಳ ಹದಮಾಡುವ ನಾಲ್ಕು ವಾರಗಳು



2024ರಲ್ಲಿ ಆಗಮನ ಕಾಲ ಡಿಸೆಂಬರ್ 1ರ ಭಾನುವಾರ ಆರಂಭವಾಯಿತು. ಅಂದಿನಿಂದ ಧರ್ಮಸಭೆಗೆ ಹೊಸ ವರ್ಷ. ಗುರುಗಳ ಪೂಜಾವಸ್ತ್ರ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆ ನಿಲ್ಲುತ್ತದೆ, ಪೀಠದ ಬಳಿ ಮೊದಲ ಮೇಣದಬತ್ತಿ ಉರಿಯುತ್ತದೆ. ಇಗರ್ಜಿಯ ಒಳಗೆ ಎಲ್ಲವೂ "ಸ್ವಲ್ಪ ತಾಳಿ, ಕಾಯಿರಿ" ಎನ್ನುತ್ತಿರುವಾಗ ಹೊರಗೆ ಗಡಿಬಿಡಿ ಶುರುವಾಗಿದೆ. ಗೋದಲಿ ಎಷ್ಟು ಅಡಿ ಇರಬೇಕು, ನಕ್ಷತ್ರಕ್ಕೆ ಯಾವ ಲೈಟು, ಕ್ಯಾರಲ್ ತಂಡದ ಟಿ-ಶರ್ಟ್ ಯಾವ ಬಣ್ಣದ್ದು ಎಂಬ ಚರ್ಚೆ ವಾಟ್ಸಾಪಿನಲ್ಲಿ ನಡೆಯುತ್ತಲೇ ಇದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪಟ್ಟಿಯಲ್ಲಿ ನಮ್ಮ ಹೃದಯದ ಹೆಸರು ಎಲ್ಲಿಯೂ ಇಲ್ಲ ಎಂಬುದೇ ನಮ್ಮ ಕಳವಳ.

ಕಾಸರಗೋಡಿನ ನಮಗೆ ಆಗಮನ ಕಾಲದ ಅರ್ಥವನ್ನು ದೂರದಿಂದ ಯಾರೂ ಬಂದು ಕಲಿಸಬೇಕಿಲ್ಲ. ಮಳೆ ನಿಂತ ಮೇಲೆ ಅಡಿಕೆ ಬೆಳೆಗಾರರ ಮನೆಗಳಲ್ಲಿ ಅಂಗಳ ಹದಮಾಡುವುದನ್ನು ನಾವು ಕಂಡಿದ್ದೇವೆ. ಹುಲ್ಲು ಕೆತ್ತುತ್ತಾರೆ, ಪಾಚಿ ಕೆರೆಯುತ್ತಾರೆ, ಮಳೆನೀರು ಕೊರೆದ ಗುಂಡಿಗಳಿಗೆ ಮಣ್ಣು ತುಂಬುತ್ತಾರೆ, ಉಬ್ಬಿದ ಕಡೆ ತೆಗೆದು ಸಮ ಮಾಡುತ್ತಾರೆ, ಕೊನೆಗೆ ಸೆಗಣಿ ಸಾರಿಸುತ್ತಾರೆ. ಅದು ಒಣಗಿದ ಮೇಲಷ್ಟೇ ಅಡಿಕೆ ಹರಡುವುದು. ಆತುರಪಟ್ಟು ಹಸಿ ಅಂಗಳದಲ್ಲಿ ಸುರಿದರೆ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಹಾಳಾಗುತ್ತದೆ. ಇಂದು ಟಾರ್ಪಾಲು, ಸಿಮೆಂಟು ನೆಲ ಬಂದಿರಬಹುದು, ಆದರೂ ಹದಮಾಡದೆ ಬೆಳೆ ಇಳಿಸಬಾರದು ಎಂಬ ಬುದ್ಧಿ ನಮ್ಮ ಹಿರಿಯರದು.

2024ರ ಆಗಮನ ಕಾಲದ ನಾಲ್ಕು ಭಾನುವಾರಗಳ ಶುಭಸಂದೇಶಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಇದೇ ಕೆಲಸ ಕ್ರಮವಾಗಿ ಕಾಣುತ್ತದೆ.

ಮೊದಲ ಭಾನುವಾರ ಲೂಕನ 21ನೇ ಅಧ್ಯಾಯ. ಅಲ್ಲಿ ದನದ ಕೊಟ್ಟಿಗೆಯ ಶಿಶುವಿನ ಮಾತೇ ಇಲ್ಲ. ಮಹಿಮೆಯಿಂದ ಮರಳಿ ಬರುವ ಪ್ರಭುವಿನ ಮಾತಿದೆ. ಕುಡಿತ, ಭೋಗ, ಬದುಕಿನ ಚಿಂತೆಗಳಿಂದ ಹೃದಯ ಭಾರವಾಗದಂತೆ ಎಚ್ಚರವಾಗಿರಲು ಯೇಸು ಹೇಳುತ್ತಾರೆ. ಭಾರವಾದ ಹೃದಯ ಎಂದರೆ ಏನೆಂದು ನಮ್ಮ ವಯಸ್ಸಿನವರಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲು, ಬೆಳಗ್ಗೆ ಕೆಲಸದ ಚಿಂತೆ, ವೀಸಾದ ಚಿಂತೆ, ಐಇಎಲ್‌ಟಿಎಸ್ ಅಂಕದ ಚಿಂತೆ, ಅದನ್ನು ಮರೆಯಲು ಶನಿವಾರದ ಪಾರ್ಟಿ. ಹೀಗಿರುವಾಗ ದೇವರು ಬಾಗಿಲು ತಟ್ಟಿದರೂ ಕೇಳಿಸುವುದು ಹೇಗೆ? ಮೊದಲ ವಾರದ ಕೆಲಸ ಹುಲ್ಲು ಕೆತ್ತುವುದು. ದಿನಕ್ಕೆ ಹದಿನೈದು ನಿಮಿಷ ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಆ ದಿನದ ಶುಭಸಂದೇಶ ಓದಿ, ಸುಮ್ಮನೆ ಕೂರುವುದು ಸಾಕು. ಸುಮ್ಮನೆ ಕೂರುವುದೇ ಎಲ್ಲಕ್ಕಿಂತ ಕಷ್ಟದ್ದು ಎಂದು ಮೂರನೇ ದಿನವೇ ತಿಳಿಯುತ್ತದೆ. ಅದೇ ತಪಸ್ಸು.

ಎರಡನೇ ಭಾನುವಾರ ಲೂಕನು ದೊಡ್ಡವರ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ: ಚಕ್ರವರ್ತಿ ತಿಬೇರಿಯ, ರಾಜ್ಯಪಾಲ ಪಿಲಾತ, ಹೆರೋದ, ಪ್ರಧಾನ ಯಾಜಕರು. ಆದರೆ ದೇವರ ವಾಕ್ಯ ಇವರ್ಯಾರ ಮನೆಗೂ ಹೋಗದೆ ಬೆಂಗಾಡಿನಲ್ಲಿದ್ದ ಯೊವಾನ್ನನ ಬಳಿ ಬರುತ್ತದೆ. ತಗ್ಗು ತುಂಬಬೇಕು, ಗುಡ್ಡ ತಗ್ಗಬೇಕು, ಡೊಂಕು ನೆಟ್ಟಗಾಗಬೇಕು ಎಂಬ ಯೆಶಾಯ ಪ್ರವಾದಿಯ ಕರೆಯನ್ನು ಅವನು ಸಾರುತ್ತಾನೆ. ಇದು ಅಂಗಳ ಸಮ ಮಾಡುವ ಕೆಲಸವೇ ಅಲ್ಲವೇ? ನಮ್ಮೊಳಗಿನ ಗುಂಡಿ ಯಾವುದು? ಮಾಡದೆ ಬಿಟ್ಟ ಪ್ರಾರ್ಥನೆ, ಆಡದೆ ಉಳಿಸಿದ ಒಳ್ಳೆಯ ಮಾತು, ಊರಿನಲ್ಲಿ ಒಂಟಿಯಾಗಿರುವ ಅಜ್ಜಿಗೆ ಮಾಡದ ಫೋನು. ಗುಡ್ಡ ಯಾವುದು? "ಅವನೇ ಮೊದಲು ಮಾತಾಡಲಿ" ಎಂಬ ಹಟ.

ಈ ಹಟದ ಬಗ್ಗೆ ಸ್ವಲ್ಪ ಬಿಚ್ಚಿ ಮಾತನಾಡಬೇಕು. ಗಡಿಕಲ್ಲು, ತೋಡಿನ ನೀರು, ಪಾಲುಪಟ್ಟಿ, ಮದುವೆಯ ಆಮಂತ್ರಣದಲ್ಲಿ ಬಿಟ್ಟುಹೋದ ಒಂದು ಹೆಸರು ಇಂಥವುಗಳಿಂದ ಅಣ್ಣತಮ್ಮಂದಿರ ಮನೆಗಳ ನಡುವೆ ಮಾತು ನಿಂತಿರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ. ಎರಡೂ ಮನೆಯವರು ಒಂದೇ ಪೂಜೆಗೆ ಬರುತ್ತಾರೆ, ಒಂದೇ ಪರಮಪ್ರಸಾದ ಸ್ವೀಕರಿಸುತ್ತಾರೆ, ಬೇರೆ ಬೇರೆ ಗೇಟಿನಿಂದ ಹೊರಗೆ ಹೋಗುತ್ತಾರೆ. ಜಗಳ ಶುರುವಾದಾಗ ಹುಟ್ಟಿಯೇ ಇರದ ಮಕ್ಕಳೂ ಅದನ್ನು ಆಸ್ತಿಯಂತೆ ಪಡೆದುಕೊಳ್ಳುತ್ತಾರೆ. ಪೀಠದ ಮುಂದೆ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಮ್ಮ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂದು ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದಾರೆ. ತಪ್ಪು ಯಾರದು ಎಂದು ಅವರು ಅಲ್ಲಿ ಕೇಳಿಲ್ಲ. ಮೊದಲು ಹೆಜ್ಜೆ ಇಡುವವನು ನೆನಪಾದವನು, ಅಷ್ಟೇ.

ಹಿರಿಯರ ಜಗಳವನ್ನು ತೀರಿಸುವ ಶಕ್ತಿ ನಮಗಿಲ್ಲದಿರಬಹುದು. ಗಡಿಕಲ್ಲು ಎಲ್ಲಿರಬೇಕೆಂದು ಹೇಳುವ ವಯಸ್ಸೂ ನಮ್ಮದಲ್ಲ. ಆದರೆ ಸೋದರ ಸಂಬಂಧಿಯ ಹತ್ತಿರ ಹೋಗಿ "ಹೇಗಿದ್ದೀಯಾ?" ಎಂದು ಕೇಳಲು ಯಾರ ಸಹಿಯೂ ಬೇಡ. ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆ ಬೇಲಿ ದಾಟುವುದಕ್ಕೆ ಮೊದಲು ಒಂದು ಮಾತು ದಾಟಲಿ. ಪಾಪನಿವೇದನೆಗೂ ಇದೇ ವಾರ ಹೋಗಬೇಕು. ಡಿಸೆಂಬರ್ 24ರ ಸಂಜೆ ಉದ್ದದ ಸಾಲಿನಲ್ಲಿ ನಿಂತು, ಗಡಿಯಾರ ನೋಡುತ್ತ, ಎರಡು ನಿಮಿಷದಲ್ಲಿ ಮುಗಿಸುವ ನಿವೇದನೆಯನ್ನೂ ದೇವರು ಕ್ಷಮಿಸುತ್ತಾರೆ, ಸಂಶಯವಿಲ್ಲ. ಆದರೆ ಕ್ಷಮೆ ಪಡೆದ ಹೃದಯ ಹದವಾಗಿ ಒಣಗಲು ಕೆಲವು ದಿನ ಬೇಕಲ್ಲ.

ಮೂರನೇ ಭಾನುವಾರ ಆನಂದದ ಭಾನುವಾರ. ಗುಲಾಬಿ ಬಣ್ಣದ ಬತ್ತಿ ಹೊತ್ತಿಸುವ ದಿನ. ಅಂದು ಜನರು ಯೊವಾನ್ನನಿಗೆ ಕೇಳುವ ಪ್ರಶ್ನೆ ನಮ್ಮದೇ: ನಾವೇನು ಮಾಡಬೇಕು? ಅವನ ಉತ್ತರ ಆಶ್ಚರ್ಯವಾಗುವಷ್ಟು ಸರಳ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವನು ನಿಗದಿಗಿಂತ ಹೆಚ್ಚು ವಸೂಲಿ ಮಾಡದಿರಲಿ. ಸೈನಿಕನು ಯಾರನ್ನೂ ಹೆದರಿಸಿ ಹಣ ಕೀಳದೆ ಸಂಬಳದಲ್ಲಿ ತೃಪ್ತನಾಗಿರಲಿ. ಕೆಲಸ ಬಿಟ್ಟು ತನ್ನಂತೆ ಬೆಂಗಾಡಿಗೆ ಬನ್ನಿ ಎಂದು ಅವನು ಯಾರಿಗೂ ಹೇಳಲಿಲ್ಲ. ಕಾಲೇಜಿನಲ್ಲಿರುವವನು ಅಲ್ಲಿಯೇ, ಅಂಗಡಿಯಲ್ಲಿರುವವನು ಅಲ್ಲಿಯೇ, ಗಲ್ಫಿನಲ್ಲಿರುವವನು ಅಲ್ಲಿಯೇ ನ್ಯಾಯವಾಗಿ ಬದುಕಿದರೆ ದಾರಿ ಸಿದ್ಧವಾಗುತ್ತದೆ. ಪಶ್ಚಾತ್ತಾಪ ಕಣ್ಣೀರಿನಲ್ಲಿ ಮುಗಿಯದೆ ಕಪಾಟಿನವರೆಗೆ, ಪರ್ಸಿನವರೆಗೆ ಬರಬೇಕು ಎಂಬುದು ಅವನ ಮಾತಿನ ತಾತ್ಪರ್ಯ.

ನಾಲ್ಕನೇ ಭಾನುವಾರ ಮಾತೆ ಮರಿಯಮ್ಮನವರು ಮಲೆನಾಡಿನ ದಾರಿ ಹಿಡಿದು ಆತುರದಿಂದ ಎಲಿಜಬೇತಮ್ಮನ ಮನೆಗೆ ಹೋಗುತ್ತಾರೆ. ಮೊದಲ ಕ್ಯಾರಲ್ ಯಾತ್ರೆ ಅದೇ ಎಂದು ನಾವು ಹೇಳುತ್ತೇವೆ. ಕೀಬೋರ್ಡ್ ಇರಲಿಲ್ಲ, ಸಾಂತಾಕ್ಲಾಸ್ ಇರಲಿಲ್ಲ, ಕಾಣಿಕೆ ಡಬ್ಬಿಯೂ ಇರಲಿಲ್ಲ. ಒಳಗೆ ಕ್ರಿಸ್ತರಿದ್ದರು. ಮನೆಗೆ ಬಂದವರು ಹಾಡುವ ಮೊದಲೇ ಮನೆಯಲ್ಲಿದ್ದ ಮಗು ಗರ್ಭದಲ್ಲೇ ನಲಿದಾಡಿತು.

ನಮ್ಮ ಕ್ಯಾರಲ್ ತಂಡಗಳು ಯಾವ ಮನೆಗೆ ಹೋಗಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯಂಥ, ಕನ್ನಡ ತುಳು ಮಾತಾಡುವ ಊರುಗಳಲ್ಲಿ ಅದರ ಫಲ ಇಂದಿಗೂ ಹಾಸಿಗೆಯ ಮೇಲಿದೆ. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು. ಅನೇಕರಿಗೆ ಅದು ಕೈಸೇರಲು ವರ್ಷಗಳೇ ಹಿಡಿದವು. 2024ರ ಆಗಮನ ಕಾಲದಲ್ಲಿ ನಾವು ಕಾದದ್ದು 24 ದಿನ. ಮೂವತ್ತು ದಾಟಿದ ಮಗನಿಗೆ ಇಂದಿಗೂ ಕೈತುತ್ತು ಕೊಡುವ ತಾಯಿಗೆ ಕಾಯುವುದೇ ಬದುಕು. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಅದಕ್ಕೇ ಅಲ್ಲಿಗೆ ಹೋಗಬೇಕು. ಹಾಡಲು ಬೇಡ, ಫೋಟೋ ತೆಗೆಯಲು ಬೇಡವೇ ಬೇಡ. ಆ ತಾಯಿ ಎರಡು ಗಂಟೆ ಪೇಟೆಗೆ ಹೋಗಿ ಬರುವಂತೆ ಮಗನ ಹತ್ತಿರ ಕೂರಲು, ಆಸ್ಪತ್ರೆಯ ಕಾಗದಪತ್ರ ಬರೆದುಕೊಡಲು, ಮಲಯಾಳದ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳಲು ನಮ್ಮಿಂದ ಆಗುತ್ತದೆ. ಎರಡೂ ಭಾಷೆ ಬಲ್ಲ ಗಡಿನಾಡಿನ ಮಕ್ಕಳಿಗೆ ದೇವರು ಕೊಟ್ಟ ತಾಲಂತು ಅದು.

"ಹಾಗಾದರೆ ಗೋದಲಿ ಬೇಡವೇ? ಸಂಭ್ರಮ ಬೇಡವೇ?" ಎಂದು ಕೆಲವರು ಕೇಳುತ್ತಾರೆ. ಖಂಡಿತ ಬೇಕು. ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಕ್ರಿಸ್ಮಸ್ ರಾತ್ರಿ ಗೋದಲಿ ಮಾಡಿದಾಗ ಅಲ್ಲಿ ಇದ್ದದ್ದು ಹುಲ್ಲು ಹಾಸಿದ ಗೋದಲಿ, ಒಂದು ಎತ್ತು, ಒಂದು ಕತ್ತೆ. ಅದರ ಮುಂದೆ ಬಡವರೂ ಸಂನ್ಯಾಸಿಗಳೂ ದೀಪ ಹಿಡಿದು ನಿಂತರು. ಪ್ರಥಮ ಬಹುಮಾನ ಇರಲಿಲ್ಲ. ಗೋದಲಿ ನಮಗೆ ಪ್ರಾರ್ಥನೆ ಕಲಿಸಲು ಹುಟ್ಟಿದ್ದು. ಅದನ್ನು ಕಟ್ಟುವ ಕೈಗಳು ಒಂದಕ್ಕೊಂದು ಮುನಿಸಿಕೊಂಡಿದ್ದರೆ ಹತ್ತು ಸಾವಿರದ ಲೈಟೂ ಅದನ್ನು ಬೆಳಗಲಾರದು.

ಆದ್ದರಿಂದ ನಮ್ಮ ಯುವಜನರ ಮುಂದೆ ಮೂರು ಸಲಹೆ ಇಡುತ್ತೇವೆ. ಒಂದು, ಕ್ರಿಸ್ಮಸ್ ಕ್ಯಾರಲ್‌ಗಳನ್ನು ಡಿಸೆಂಬರ್ 17ರ ನಂತರ ಆರಂಭಿಸೋಣ. ಅದುವರೆಗೆ ಆಗಮನ ಕಾಲದ ಗೀತೆಗಳೇ ಇರಲಿ. ಎರಡು, ಗೋದಲಿಗೆ ಎತ್ತಿಟ್ಟ ಹಣದಲ್ಲಿ ಅರ್ಧವನ್ನು ಒಂದು ಮನೆಯ ಔಷಧಿಗೆ, ಸದ್ದಿಲ್ಲದೆ, ಗುರುಗಳ ಕೈಯಿಂದ ತಲುಪಿಸೋಣ. ಮೂರು, ಪ್ರತಿಯೊಬ್ಬರೂ ಮಾತು ಬಿಟ್ಟಿರುವ ಒಬ್ಬರ ಹೆಸರನ್ನು ಚೀಟಿಯಲ್ಲಿ ಬರೆದು ಬೈಬಲಿನಲ್ಲಿಟ್ಟು, 24ನೇ ತಾರೀಕಿನೊಳಗೆ ಅವರನ್ನು ಕಾಣೋಣ.

2024ರ ಡಿಸೆಂಬರ್ 24ರ ರಾತ್ರಿ ರೋಮಿನಲ್ಲಿ ಪೋಪ್ ಫ್ರಾನ್ಸಿಸರು ಪವಿತ್ರ ದ್ವಾರ ತೆರೆದು 2025ರ ಜುಬಿಲಿ ವರ್ಷಕ್ಕೆ ಚಾಲನೆ ಕೊಟ್ಟರು. ನಾವೆಲ್ಲ ಅಲ್ಲಿಗೆ ಹೋಗಲಾರೆವು. ಆದರೆ ವರ್ಷಗಳಿಂದ ಮುಚ್ಚಿರುವ ಒಂದು ಬಾಗಿಲು ನಮ್ಮ ಪಕ್ಕದ ಮನೆಯಲ್ಲೇ ಇರಬಹುದು. ಅದನ್ನು ತಟ್ಟಲು ಪಾಸ್‌ಪೋರ್ಟ್ ಬೇಕಾಗಿಲ್ಲ.

ಪ್ರಭು ಬರುವುದು ಖಚಿತ. ಅಂಗಳ ಹದವಾಗಿರಲಿ. ಎಲ್ಲರಿಗೂ ಆಗಮನ ಕಾಲದ ಶುಭಾಶಯಗಳು.