ಮುಸುರೆ ಕುದಿಯಲಿ

1957ರಲ್ಲಿ ಲಿಸ್ಬನ್ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹಂದಿ ಸಾಕಿಕೊಂಡಿದ್ದವರಿಗೆ ವಿಮಾನಗಳಿಂದ ಇಳಿಯುತ್ತಿದ್ದ ಉಳಿಕೆ ಊಟವೇ ಮೇವಾಗಿತ್ತು. ಅದರಲ್ಲಿದ್ದ ಮಾಂಸದ ಚೂರುಗಳ ಜೊತೆಗೇ, ಅಲ್ಲಿಯವರೆಗೆ ಆಫ್ರಿಕಾ ಬಿಟ್ಟು ಹೊರಬರದಿದ್ದ ಆಫ್ರಿಕನ್ ಹಂದಿ ಜ್ವರ ಯುರೋಪಿಗೆ ಬಂದಿಳಿಯಿತು. ಆ ಸಲ ಬೇಗ ಹತ್ತಿಕ್ಕಿದರು. 1960ರಲ್ಲಿ ಮತ್ತೆ ಬಂದಾಗ ಮಾತ್ರ ಸ್ಪೇನ್, ಪೋರ್ಚುಗಲ್‌ಗಳಿಂದ ಅದನ್ನು ತೊಲಗಿಸಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 2007ರಲ್ಲಿ ಜಾರ್ಜಿಯಾದ ಪೋಟಿ ಬಂದರಿನಲ್ಲೂ ಹಡಗಿನ ಅಡುಗೆಮನೆಯ ಕಸ ಹಂದಿಗಳ ಬಾಯಿಗೆ ಸೇರಿದ್ದೇ ಮೂಲವೆಂದು ತಜ್ಞರ ಬಲವಾದ ಅನುಮಾನ. ಅಲ್ಲಿಂದ ರಷ್ಯಾ, 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ, 2022ರ ಜುಲೈಯಲ್ಲಿ ಕೊಡಗಿಗೆ ತಾಗಿಕೊಂಡೇ ಇರುವ ವಯನಾಡು.

ಕೈಲ್‌ಪೊಳ್ದ್ ಹಬ್ಬ ಬಂದರೆ ಮನೆಮನೆಯಲ್ಲೂ ಪಂದಿಕರಿ, ಕಡುಂಬುಟ್ಟು ಮಾಡುವ ನಾಡಿನ ಹೊಸ್ತಿಲಿಗೇ ರೋಗ ಬಂದು ನಿಂತಿತು. ಈ ಜ್ವರ ಮನುಷ್ಯರಿಗೆ ತಗಲುವುದಿಲ್ಲ, ಮಾಂಸ ತಿನ್ನುವವರು ಹೆದರಬೇಕಿಲ್ಲ. ಹೆದರಬೇಕಾದವರು ಸಾಕುವವರು. ಹೊಕ್ಕ ದೊಡ್ಡಿಯಲ್ಲಿ ಬಹುಪಾಲು ಹಂದಿಗಳು ಸಾಯುತ್ತವೆ, ಔಷಧವಿಲ್ಲ. ವಿಯೆಟ್ನಾಂ 2023ರಲ್ಲಿ ಲಸಿಕೆಗಳಿಗೆ ಒಪ್ಪಿಗೆ ಕೊಟ್ಟಿತಾದರೂ ಭಾರತದ ರೈತರ ಕೈಗೆ ಅಂಥದ್ದು ಸಿಕ್ಕಿಲ್ಲ. ರೋಗ ಒಳಗೆ ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಅದು ಒಳಬರುವ ದೊಡ್ಡ ಬಾಗಿಲುಗಳಲ್ಲಿ ಒಂದು ಮುಸುರೆ ಡ್ರಮ್ಮು.

ಹಂದಿ ಸಾಕುವವರ ಖರ್ಚಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮೇವಿಗೇ ಹೋಗುತ್ತದೆ. ಹಾಗಾಗಿ ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳಲ್ಲಿ ಉಳಿದದ್ದನ್ನು ಡ್ರಮ್ಮಿಗೆ ತುಂಬಿಸಿ ಗೂಡ್ಸ್ ಆಟೋದಲ್ಲಿ ತರುವ ಬಡವನನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಊರು ಚೆಲ್ಲಿದ್ದನ್ನು ಆತ ಮಾಂಸವಾಗಿ ಮಾರ್ಪಡಿಸುತ್ತಾನೆ, ನಗರಸಭೆಯ ಕಸದ ಹೊರೆಯನ್ನೂ ಇಳಿಸುತ್ತಾನೆ.

ಆದರೆ ಹೊಟ್ಟೆ ತುಂಬುವುದೇ ಬೇರೆ, ಮೈ ತುಂಬುವುದೇ ಬೇರೆ. ಮುಸುರೆಯಲ್ಲಿ ಮುಕ್ಕಾಲು ಭಾಗ ನೀರು. ಅನ್ನ, ಮುದ್ದೆ, ಸಾರಿನಲ್ಲಿ ಹಂದಿಯ ಬೆಳವಣಿಗೆಗೆ ಮೊದಲು ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಸೋಯಾ ಹಿಂಡಿ, ಖನಿಜ ಮಿಶ್ರಣ ಸೇರಿಸದಿದ್ದರೆ ಹಂದಿ ತಿಂಗಳುಗಟ್ಟಲೆ ತಿಂದರೂ ತೂಕ ಬರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿ ಹಾಕಿದರೆ ಅದರಲ್ಲಿನ ಅಫ್ಲಾಟಾಕ್ಸಿನ್ ಯಕೃತ್ತನ್ನೇ ಕೆಡಿಸುತ್ತದೆ. ಮದುವೆ ಊಟದ ಉಪ್ಪಿನಕಾಯಿ, ಹಪ್ಪಳ ಹೆಚ್ಚಾಗಿ ಸೇರಿ, ತೊಟ್ಟಿಯಲ್ಲಿ ಕುಡಿಯುವ ನೀರು ಬತ್ತಿದ್ದರಂತೂ ಉಪ್ಪು ಮಿದುಳಿಗೇರುತ್ತದೆ. ಹಂದಿ ದಿಕ್ಕು ತಪ್ಪಿದಂತೆ ಸುತ್ತುತ್ತದೆ, ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಫಿಟ್ಸ್ ಬಂದು ಬೀಳುತ್ತದೆ. ಯಾವುದೋ ಸೋಂಕೆಂದು ಸಾಕಿದವನು ಕಂಗಾಲಾಗುತ್ತಾನೆ. ಅಲ್ಲಿ ಕೊರತೆಯಾದದ್ದು ಶುದ್ಧ ನೀರು.

ಮರಿಗಳ ಕಥೆ ಇನ್ನೂ ಸೂಕ್ಷ್ಮ. ಹುಟ್ಟಿದ ಮೊದಲ ದಿನವೇ ಗಿಣ್ಣುಹಾಲು ಕುಡಿಯದ ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ದಿನಕ್ಕೆ ಏಳೆಂಟು ಮಿಲಿಗ್ರಾಂ ಕಬ್ಬಿಣ ಬೇಕಿರುವ ಮರಿಗೆ ತಾಯಿಯ ಹಾಲಿನಿಂದ ಸಿಗುವುದು ಒಂದೇ ಮಿಲಿಗ್ರಾಂನಷ್ಟು. ಮಣ್ಣು ಕೆದಕಿ ಬೆಳೆಯುತ್ತಿದ್ದ ಕಾಲದಲ್ಲಿ ಕಬ್ಬಿಣ ಮಣ್ಣಿನಿಂದ ಸಿಗುತ್ತಿತ್ತು. ಸಿಮೆಂಟು ನೆಲಕ್ಕೆ ಬಂದ ಮೇಲೆ ಅದೂ ಇಲ್ಲ. ಮೂರನೇ ದಿನದ ಹೊತ್ತಿಗೆ ಕೊಡುವ ಒಂದು ಕಬ್ಬಿಣದ ಚುಚ್ಚುಮದ್ದು ಮರಿ ಬಿಳಿಚಿಕೊಂಡು ಸಾಯುವುದನ್ನು ತಪ್ಪಿಸುತ್ತದೆ.

ಚೆನ್ನಾಗಿ ತಿಂದ ಹಂದಿ ಜಂತು, ಭೇದಿಗಳನ್ನು ಸಹಿಸಿಕೊಂಡೀತು. ಕ್ಲಾಸಿಕಲ್ ಹಂದಿ ಜ್ವರಕ್ಕೆ ದೇಶದಲ್ಲೇ ತಯಾರಾಗುವ ಲಸಿಕೆ ಇದೆ. ಆಫ್ರಿಕನ್ ಜ್ವರದ ಮುಂದೆ ಮಾತ್ರ ಯಾವ ಪೌಷ್ಟಿಕತೆಯೂ ನಿಲ್ಲದು. ಅದರ ವೈರಸ್ಸು ತಣ್ಣಗಿನ, ಒಣಗಿಸಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಬೆಂಕಿಗೆ ಮಾತ್ರ ಸೋಲುತ್ತದೆ. ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ನಿಯಮದಂತೆ ಮುಸುರೆಯನ್ನು ಕೈಯಾಡಿಸುತ್ತಲೇ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಬೇಕು.

ಆ ಒಂದು ಗಂಟೆಯ ಸೌದೆಗೆ ಯಾರು ಹಣ ಕೊಡಬೇಕು? ಪ್ರಶ್ನೆ ಇರುವುದೇ ಇಲ್ಲಿ. ಬ್ರಿಟನ್‌ನಲ್ಲಿ 2001ರಲ್ಲಿ ಹೆಡನ್ ಆನ್ ದ ವಾಲ್ ಎಂಬ ಹಳ್ಳಿಯ ಒಂದು ದೊಡ್ಡಿಗೆ ಸರಿಯಾಗಿ ಕಾಯಿಸದ ಮುಸುರೆ ಹೋಗಿ ಕಾಲುಬಾಯಿ ರೋಗ ಹಬ್ಬಿತು, 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಆ ವರ್ಷವೇ ಅಲ್ಲಿ ಮುಸುರೆಯನ್ನು ನಿಷೇಧಿಸಿದರು. ಕರ್ನಾಟಕದಲ್ಲಿ ಅಂಥ ನಿಷೇಧ ಬಂದರೆ ಡ್ರಮ್ಮುಗಳು ರಾತ್ರಿ ಹೊತ್ತು ಓಡಾಡುತ್ತವೆ, ಅಷ್ಟೆ. ಅದರ ಬದಲು ನಗರಸಭೆಗಳು ಹಸಿ ಕಸ ಸಾಗಿಸುವ ಖರ್ಚಿನಲ್ಲಿ ಒಂದು ಪಾಲು ತೆಗೆದು, ಸಾಕಣೆದಾರರು ಹೆಚ್ಚಿರುವ ಕಡೆ ಸ್ಟೀಮ್ ಬಾಯ್ಲರ್ ಇಟ್ಟುಕೊಡಲಿ. ಹೋಟೆಲುಗಳು ಹಂದಿ ಮಾಂಸದ ಉಳಿಕೆಯನ್ನು ಬೇರೆ ಡಬ್ಬಕ್ಕೆ ಹಾಕಲಿ.

ಇನ್ನೊಂದು ಮಾತು ಪರಿಹಾರದ್ದು. ರೋಗ ಖಚಿತವಾದರೆ ಒಂದು ಕಿಲೋಮೀಟರ್ ತ್ರಿಜ್ಯದೊಳಗಿನ ಹಂದಿಗಳನ್ನೆಲ್ಲ ಕೊಲ್ಲುವುದು ರಾಷ್ಟ್ರೀಯ ಕ್ರಿಯಾಯೋಜನೆಯ ನಿಯಮ. ಆರೋಗ್ಯವಾಗಿದ್ದ ಹಂದಿಯನ್ನೂ ಕಳೆದುಕೊಂಡವನು ಪರಿಹಾರಕ್ಕಾಗಿ ಕಚೇರಿ ಅಲೆಯಬೇಕಾಗುತ್ತದೆಂದು ಪಕ್ಕದೂರಿಗೆ ಗೊತ್ತಾದರೆ, ಅಲ್ಲಿಯವರು ಜ್ವರ ಬಂದ ಹಂದಿಯನ್ನು ಅದೇ ರಾತ್ರಿ ಸಂತೆಗೆ ಸಾಗಿಸುತ್ತಾರೆ. ಹಂದಿ ಮೇವು ಬಿಟ್ಟ ಮೊದಲ ದಿನವೇ ಪಶುವೈದ್ಯರಿಗೆ ಫೋನು ಮಾಡುವ ಧೈರ್ಯ ಅವರಿಗೆ ಬರಬೇಕಾದರೆ, ಕೊಂದ ಹಂದಿಯ ಹಣ ವಾರದೊಳಗೆ ಖಾತೆಗೆ ಬೀಳಬೇಕು.