ಹಳೆಯ ಕಾಯಿಲೆಗಳನ್ನೂ ಬಾಗಿಲಲ್ಲೇ ಕೇಳಿ

ಕಳೆದ ಮಳೆಗಾಲದಲ್ಲಿ ಸುಸ್ತೆಂದು ಕುಸಿದ ತಾಯಿಯನ್ನು ಮುಂಬಯಿ ಉಪನಗರದ ಒಂದು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದೆ. ನಾಡಿ, ರಕ್ತದೊತ್ತಡ ನೋಡಿ ಬೆಂಚಿನ ಮೇಲೆ ಕೂರಿಸಿದರು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಸೋತ ಮೂತ್ರಪಿಂಡ, ಯಾವುದನ್ನೂ ಕೇಳಲಿಲ್ಲ. ಕನ್ನಡವಷ್ಟೇ ಬಲ್ಲ ಅಮ್ಮ ಹೇಳಲೂ ಇಲ್ಲ. ಸಕ್ಕರೆ ಕಾಯಿಲೆಯವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು ಎಂಬುದು ವೈದ್ಯರಿಗೆ ಗೊತ್ತಿಲ್ಲದ್ದೇನಲ್ಲ.

ಇಂಥ ಕಾಯಿಲೆಗಳನ್ನು ಅಂಕಗಳಲ್ಲಿ ಅಳೆಯುವ ಸೂಚ್ಯಂಕವನ್ನು ಅಮೆರಿಕದ ಮೇರಿ ಚಾರ್ಲ್‌ಸನ್ ಮತ್ತು ಸಂಗಡಿಗರು 1987ರಲ್ಲೇ ರೂಪಿಸಿದರು: ತೊಡಕಿಲ್ಲದ ಮಧುಮೇಹಕ್ಕೆ 1, ಮೂತ್ರಪಿಂಡದ ತೀವ್ರ ಕಾಯಿಲೆಗೆ 2, ಹರಡಿದ ಕ್ಯಾನ್ಸರಿಗೆ 6. ಆದರೆ ಅದು ವರ್ಷದೊಳಗಿನ ಸಾವಿನ ಸಂಭವಕ್ಕೆಂದು ಹುಟ್ಟಿದ್ದು, ಈ ರಾತ್ರಿಯ ಅಪಾಯಕ್ಕಲ್ಲ. ಉಸಿರು, ನಾಡಿ, ಪ್ರಜ್ಞೆಯ ತಪಾಸಣೆಯ ಜೊತೆಗೆ ಅದು ಬರಲಿ, ಬದಲಿಗೆ ಬೇಡ. ಅಂಕ ಹೆಚ್ಚೆಂದು ಮುದುಕರನ್ನು ಕೈಬಿಡುವ ನೆಪವಂತೂ ಆಗಕೂಡದು.

2020ರ ಕೋವಿಡ್ ದಿನಗಳಲ್ಲಿ ಸತ್ತವರಲ್ಲಿ ಎಷ್ಟು ಮಂದಿಗೆ ಹಳೆಯ ಕಾಯಿಲೆಯಿತ್ತೆಂದು ಮುಂಬಯಿ ಪಾಲಿಕೆ ತನ್ನ ವರದಿಗಳಲ್ಲಿ ಹೇಳುತ್ತಿತ್ತು. ಸತ್ತ ಮೇಲೆ ಎಣಿಸಿದ್ದನ್ನು ಬದುಕಿರುವಾಗಲೇ ಕೇಳಬಹುದಲ್ಲವೇ? ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಕೇಸ್‌ಪೇಪರಿನಲ್ಲಿ ಹಳೆಯ ಕಾಯಿಲೆಗಳಿಗೊಂದು ಸಾಲು ಕಡ್ಡಾಯವಾಗಲಿ. ನಮ್ಮ ಕನ್ನಡ ಸಂಘಗಳು ಹಿರಿಯರ ಕಾಯಿಲೆ, ಮಾತ್ರೆಗಳನ್ನು ಮರಾಠಿಯಲ್ಲಿ ಬರೆದ ಚೀಟಿ ಮಾಡಿಕೊಡಲಿ. ಅಮ್ಮನ ಚೀಟಿ ಈಗ ಅವರ ಕೈಚೀಲದಲ್ಲೇ ಇದೆ.

– ಓದುಗ, ಘಾಟ್ಕೋಪರ್, ಮುಂಬಯಿ